ಕಚ್ಚಿಟ್ಟ ರೊಟ್ಟಿ

ದೆವ್ವವೆಂದರೆ ನನಗೆ ಇಂದಿಗೂ ತಾತ್ಸಾರವೇ. ನಡೆದದ್ದನ್ನಷ್ಟೇ ಹೇಳುತ್ತೇನೆ.

ನಮ್ಮ ತಾಷ್ಕೆಂಟಿನಲ್ಲಿ ದೂರ ಹೊರಟವರು ರೊಟ್ಟಿಯನ್ನೊಮ್ಮೆ ಕಚ್ಚಿ ಹೋಗುತ್ತಾರೆ. ಮರಳಿ ಬಂದು ತಿಂದು ಮುಗಿಸುವವರೆಗೆ ಅದು ಗೋಡೆಯಲ್ಲಿ ತೂಗುತ್ತದೆ. ನನ್ನ ಅತ್ತೆ ಮುನವ್ವರ್ ಹುಟ್ಟುವ ಮೊದಲೇ ಅವರ ಅಪ್ಪ ಹಾಗೆ ಕಚ್ಚಿಟ್ಟು ಯುದ್ಧಕ್ಕೆ ಹೋದವರು ಮರಳಲೇ ಇಲ್ಲ. ಉಗಿಬಂಡಿಗೆ ಕಲ್ಲಿದ್ದಲು ತುಂಬುವ ಕೆಲಸ ಅವರದು. ಅವರು ದುಡಿದ ಎಂಜಿನ್ ಈಗ ರೈಲು ಮ್ಯೂಸಿಯಂಗೆ ಬಂದಿದೆಯೆಂದು ತಿಳಿದದ್ದೇ ತಡ, ಅತ್ತೆ ರೊಟ್ಟಿ ಹಿಡಿದು ನನ್ನನ್ನು ಹೊರಡಿಸಿದರು.

“ರೊಟ್ಟಿಗೂ ಟಿಕೆಟ್ ತಗೊಳ್ಳಲಾ ಅತ್ತೆ?”

“ನಗು ಅಳಿಯಪ್ಪ, ನಗು. ಮನೆ ದಾರಿ ಮರೆತಿರಬಹುದು, ಎಂಜಿನ್ ಮರೆತಿರಲ್ಲ ನಮ್ಮಪ್ಪ.”

ಜುಲೈ ತಿಂಗಳ ಮಧ್ಯಾಹ್ನ. ಹೊರಗಿನ ಕಬ್ಬಿಣವೆಲ್ಲ ಕೈ ಸುಡುತ್ತಿತ್ತು. ಚಾಲಕನ ಗೂಡಿನೊಳಗಿನ ಹಿಡಿಕೆ ಮಾತ್ರ ಬಾವಿನೀರಿನಷ್ಟು ತಣ್ಣಗಿತ್ತು. ಒದ್ದೆ ಕಲ್ಲಿದ್ದಲಿನ ವಾಸನೆ ಬೇರೆ. ನಾನು ರೊಟ್ಟಿಯನ್ನು ಬಾಗಿಲಿಗೆ ಬಡಿದೆ, ಕಲ್ಲಿನಂತೆ ಟಣ್ಣೆಂದಿತು.

“ತಿನ್ನೋಕೆ ಬಂದ್ರೆ ತಾತನೋರ ಹಲ್ಲು ಉಳಿಯಲ್ಲ,” ಎಂದು ಅಣಕಿಸುತ್ತ ಅದನ್ನು ಮೊಳೆಗೆ ತೂಗುಹಾಕಿದೆ.

ಕೆಳಗಿಳಿದರೆ ಅತ್ತೆ ಏಣಿಯ ಬುಡದಲ್ಲೇ ಕೂತುಬಿಟ್ಟರು. ಹತ್ತಲು ಇದ್ದದ್ದು ಅದೊಂದೇ ಏಣಿ, ಯಾರೂ ಹತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಮೇಲೆ ಕಬ್ಬಿಣಕ್ಕೆ ಸಲಿಕೆ ಉಜ್ಜಿದ ಸದ್ದಾಯಿತು.

“ಬೆಕ್ಕು,” ಎಂದು ಗೊಣಗುತ್ತ ಹತ್ತಿದೆ.

ಒಳಗೆ ಯಾರೂ ಇರಲಿಲ್ಲ. ರೊಟ್ಟಿ ಬೆಚ್ಚಗಿತ್ತು. ಹಳೆಯ ಕಚ್ಚಿನ ಪಕ್ಕದಲ್ಲಿ ಇನ್ನೊಂದು ಕಚ್ಚು, ಅದರ ಅಂಚು ಇನ್ನೂ ಒದ್ದೆ.

ಕೆಳಗಿನಿಂದ ಅತ್ತೆ ಮೆಲ್ಲಗೆ ಕೇಳಿದರು: “ಅಪ್ಪ ಪೂರ್ತಿ ತಿಂದ್ರಾ?”

“ಇನ್ನೂ ಇಲ್ಲ,” ಎಂದೆ. ಆ ಮಾತು ನನ್ನ ಬಾಯಿಂದಲೇ ಬಂತು.