ಬೀಗ ಸಹಿತ ಹೋದ ಅಂಗಡಿ

ಮಾನಮ್ಮ ಬೀಗದ ಕೈ ಹಿಡಿದು ನಿಂತಿದ್ದಳು. ಬೀಗ ಇರಲಿಲ್ಲ. ಬೀಗ ಹಾಕಿದ್ದ ಬಾಗಿಲೂ ಇರಲಿಲ್ಲ. ಬಾಗಿಲಿದ್ದ ಅಂಗಡಿಯೇ ಇರಲಿಲ್ಲ.

ಕಮಲಾಪುರದ ಹೆದ್ದಾರಿ ಬದಿಯಲ್ಲಿ ನಿನ್ನೆ ಸಂಜೆಯವರೆಗೂ ಅದು ಇತ್ತು. ತಗಡಿನ ಡಬ್ಬಿ ಅಂಗಡಿ. ಎಲೆ, ಅಡಿಕೆ, ತಂಬಾಕು, ಬೀಡಿ ಮಾರುವ ಜಾಗ. ಈಗ ಉಳಿದದ್ದು ಅದು ಕೂತಿದ್ದ ನಾಲ್ಕು ಕಲ್ಲು ಮಾತ್ರ. ಅವುಗಳ ನಡುವಿನ ನೆರಳಿಲ್ಲದ ಜಾಗದಲ್ಲಿ ಒಂದು ನಾಯಿ ನೆರಳು ಹುಡುಕುತ್ತಾ ಮೂಸಾಡುತ್ತಿತ್ತು.

ಪಿಎಸ್‌ಐ ಅಮೋಘಪ್ಪ ಜೀಪಿನಿಂದಿಳಿದ. ಕಲ್ಲುಗಳನ್ನು ನೋಡಿದ. ಮಾನಮ್ಮನನ್ನು ನೋಡಿದ.

"ಏನಾತಕ್ಕಾ?"

"ಬೀಗ ಮುರದು ಕಳವು ಮಾಡೋದು ಕೇಳೀನ್ರಿ ಸಾಹೇಬ್ರ. ಇವರು ಬೀಗ ಸಹಿತ ಅಂಗಡೀನೇ ಒಯ್ದಾರ!"

ಅಮೋಘಪ್ಪನ ಬಲಗೈ ಹೆಬ್ಬೆರಳು ಎಡ ಅಂಗೈಯನ್ನು ತಿಕ್ಕತೊಡಗಿತು. ಅಂಗೈಯಲ್ಲಿ ಏನೂ ಇರಲಿಲ್ಲ. ಡಾಕ್ಟರು ಹೆದರಿಸಿದ ಮೇಲೆ ಆತ ತಂಬಾಕು ಬಿಟ್ಟಿದ್ದ. ತಲೆ ಓಡಿಸುವಾಗ ಮಾತ್ರ ಕೈ ಕೇಳುತ್ತಿರಲಿಲ್ಲ. ಸಾಹೇಬರು ಬರೀ ಅಂಗೈ ತಿಕ್ಕುತ್ತಿದ್ದರೆ ಠಾಣೆಯಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ.

"ಒಳಗ ಏನೇನಿತ್ತು?"

"ಏನೂ ಇರಲಿಲ್ರಿ. ಸಾಮಾನೆಲ್ಲಾ ಮನ್ಯಾಗ ಅದ. ಅಧಿಕಾರಿಗಳು ಬರ್ತಾರ, ಡಬ್ಬಿ ಖಾಲಿ ಮಾಡಿ ಚಂದಾಗಿ ತೊಳಿ ಅಂತ ನಮ್ಮ ಸಂಘದ ರಾಯರು ಹೇಳಿದ್ರು. ತೊಳೀಲಿಕ್ಕಿ ಅಂತ ಬಂದ್ರ..." ಮಾನಮ್ಮ ಅಳತೊಡಗಿದಳು. "ಮಂಗಳವಾರ ಅವರು ಬಂದು ಏನ್ ನೋಡ್ತಾರ್ರೀ? ಈ ಕಲ್ಲ ನೋಡ್ತಾರೇನು?"

ಅವಳು ಅತ್ತದ್ದು ತಗಡಿಗಾಗಿ ಅಲ್ಲ. ಅದನ್ನು ಇಲ್ಲಿ ಹೇಳಲೇಬೇಕು.

ಅದು ತೊಂಬತ್ತೇಳರ ಬೇಸಿಗೆ. ರಸ್ತೆ ಅಗಲ ಮಾಡುತ್ತೇವೆಂದು ಊರ ನಡುವೆ ಆಳುದ್ದ ಅಗೆದಿದ್ದರು. ಅಗೆದವರು ಮುಚ್ಚುವುದನ್ನು ಮರೆತಿದ್ದರು. ಬಸ್ಸುಗಳು ಸುತ್ತು ಹಾದಿ ಹಿಡಿದವು. ಒಂದು ಚಿಟಿಕೆ ತಂಬಾಕಿಗಾಗಿ ಗುಂಡಿಗೆ ಹಾಸಿದ ಹಲಗೆ ಮೇಲೆ ಸರ್ಕಸ್ ಮಾಡಿ ಬರುವ ಗಿರಾಕಿ ಎಷ್ಟು ಜನ ಇರುತ್ತಾರೆ? ಸಾಲಿನ ಅಂಗಡಿಗಳೆಲ್ಲ ನೊಣ ಹೊಡೆಯುತ್ತ ಕೂತವು. ಕೂಗಾಟ ಜೋರಾದ ಮೇಲೆ ಆದೇಶ ಬಂತು. ರಸ್ತೆ ಕೆಲಸದಿಂದ ವ್ಯಾಪಾರ ಕೆಟ್ಟ ಸಣ್ಣ ಅಂಗಡಿಗಳಿಗೆ ಸರ್ಕಾರದ ನೆರವು. ಕಮಲಾಪುರಕ್ಕೂ ಉಂಟು, ಕಲಬುರಗಿಯಲ್ಲಿ ಅಗೆದ ರಸ್ತೆಗಳಿಗೂ ಉಂಟು. ಆದರೆ ಅಧಿಕಾರಿಗಳು ಬಂದಾಗ ಅಂಗಡಿ ಜಾಗದಲ್ಲಿರಬೇಕು, ಹಳೆಯದಾಗಿರಬೇಕು. ಕಚೇರಿಗಳಿಗೆ ಕಣ್ಣೀರು ಕಾಣುವುದಿಲ್ಲ, ತಗಡು ಕಾಣುತ್ತದೆ.

ಆ ನೆರವು ಬಂದರೆ ಮಾನಮ್ಮ ಮತ್ತೆ ಸಾಮಾನು ತುಂಬಿಸಿ ಅಂಗಡಿ ತೆರೆಯಬಹುದಿತ್ತು. ಬರದಿದ್ದರೆ, ಗಂಡ ಸತ್ತ ಮೇಲೆ ತನ್ನ ಕೈಯಿಂದ ನಿಲ್ಲಿಸಿಕೊಂಡ ಬದುಕು ಅಲ್ಲಿಗೇ ಮುಗಿಯುತ್ತಿತ್ತು. ಅಧಿಕಾರಿಗಳು ಬರುವುದು ಮಂಗಳವಾರ. ಇಂದು ಶನಿವಾರ.

"ಅಳಬ್ಯಾಡ ಮಾನಮ್ಮಾ."

ಹಿಂದಿನಿಂದ ಬಂದ ದನಿ ಹಣಮಂತರಾಯನದು. ಪಕ್ಕದ ಗೊಬ್ಬರದಂಗಡಿಯ ಮಾಲೀಕ, ಅಂಗಡಿಕಾರರ ಸಂಘದ ಅಧ್ಯಕ್ಷ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಲ್ಲು ಅಂಗಿಗಿಂತ ಬೆಳ್ಳಗೆ.

"ನಾ ಅಧಿಕಾರಿಗಳಿಗಿ ಹೇಳ್ತೀನಿ. ಏನರೆ ಹಾದಿ ಹುಡುಕೋಣು." ಆಮೇಲೆ ಅಮೋಘಪ್ಪನತ್ತ ತಿರುಗಿದ. "ಸಾಹೇಬ್ರ, ಆ ರಸ್ತಾದ ಕೆಲಸದವರನ್ನ ಹಿಡೀರಿ. ಕ್ರೇನು ಅವರ ಹಂತ್ಯಾಕೇ ಅದ."

"ನಿಮ್ಮ ಹಲ್ಲು ಭಾಳ ಬೆಳ್ಳಗ ಅವ ರಾಯರ," ಎಂದ ಅಮೋಘಪ್ಪ.

ರಾಯ ನಕ್ಕ. "ಹುಟ್ಟಿದಾಗಿನಿಂದ ಅಡಕಿ ಹೋಳು ಬಾಯಾಗ ಹಾಕಿದವಲ್ಲ ನಾ. ಈಕಿ ಡಬ್ಬಿ ಕಡಿ ತಿರುಗೇ ನೋಡಿಲ್ಲ."

"ಹೌದ್ರಿ," ಎಂದಳು ಮಾನಮ್ಮ, ಕಣ್ಣೊರಸಿಕೊಂಡು. "ಒಂದಿನ ಬಂದವರಲ್ಲ."

ಅಮೋಘಪ್ಪ ನೆಲ ನೋಡಿದ. ಮಣ್ಣಿನಲ್ಲಿ ಗಾಲಿಯ ಗುರುತಿತ್ತು. ಹಿಂದೆ ದೊಡ್ಡ ಗಾಲಿ, ಮುಂದೆ ಸಣ್ಣದು. ಟ್ರ್ಯಾಕ್ಟರ್. ಕಮಲಾಪುರದಲ್ಲಿ ಬಾಳೆಗೊನೆಗಳಷ್ಟೇ ಟ್ರ್ಯಾಕ್ಟರುಗಳೂ ಇದ್ದವು.

*

ರಸ್ತೆ ಕೆಲಸದ ಮೇಸ್ತ್ರಿ ಬುರ್ಹಾನುದ್ದೀನ್ ಸಿಮೆಂಟ್ ಚೀಲದ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ.

"ಮಾನಮ್ಮನ ಜೋಡಿ ಜಗಳಾಡಿದ್ದಿ ಅಂತ?"

"ಆಡೀನ್ರಿ. ಚರಂಡಿಗಿ ಅಡ್ಡ ಇತ್ತು. ಸರಸು ಅಂದೆ. ಆಕಿ ನನ್ನ ಖಾಂದಾನನ್ನೇ ಜಾಲಾಡಿಸಿದಳು."

"ಅದಕ್ಕ ಕ್ರೇನ್ ಹಚ್ಚಿ ಎತ್ತಿಬಿಟ್ಟಿ."

"ಸಾಹೇಬ್ರ, ನಾ ಸರಸೋದಿದ್ರ ಹಾಡೇ ಹಗಲ ಸರಸ್ತಿದ್ದೆ. ಸರ್ಕಾರಿ ಕೆಲಸ, ನನಗ್ಯಾರ ಅಂಜಿಕಿ? ಕ್ರೇನು ನಿನ್ನಿಯಿಂದ ಸೇತುವಿ ಮ್ಯಾಲ ಅದ. ಅದರ ಹೊಟ್ಟ್ಯಾಗಿಂದು ಬಿಚ್ಚಿ ಕೂತಾರ ಮೆಕ್ಯಾನಿಕ್ಕರು. ಹೋಗಿ ನೋಡ್ರಿ."

ಅಮೋಘಪ್ಪ ಹೋಗಿ ನೋಡಿದ. ಕ್ರೇನಿನ ಎಂಜಿನ್ ನಿಜಕ್ಕೂ ಚಾಪೆ ಮೇಲೆ ಹರಡಿತ್ತು. ಕ್ರೇನ್ ಇಲ್ಲ. ಅಂದರೆ ಕೈಯಿಂದಲೇ ಎತ್ತಿದ್ದಾರೆ. ಸಾಮಾನು ತುಂಬಿದ ಡಬ್ಬಿಯನ್ನು ಕೈಯಿಂದ ಎತ್ತುವುದು ಸಾಧ್ಯವಿಲ್ಲದ ಮಾತು. ಖಾಲಿ ಡಬ್ಬಿಯಾದರೆ ನಾಲ್ಕಾರು ಹಮಾಲರು ಸಾಕು.

ಆತ ಸಾಲಿನ ಅಂಗಡಿಗಳಿಗೆಲ್ಲ ಹೋಗಿ ಒಂದೇ ಪ್ರಶ್ನೆ ಕೇಳಿದ. ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು.

*

ತಗಡು ಕದ್ದವನು ಗುಜರಿಗೆ ಹೋಗುತ್ತಾನೆ. ಅದು ಪೊಲೀಸರ ಮೊದಲ ಪಾಠ. ಅಮೋಘಪ್ಪ ಭಾನುವಾರ ಕಲಬುರಗಿಗೆ ಹೋಗಿ ಗುಜರಿ ವ್ಯಾಪಾರಿ ಲಾಲ್ ಅಹ್ಮದನ ಮುಂದೆ ಕೂತ. ಸುತ್ತ ಸೈಕಲ್ಲು, ಕೊಡ, ಮುರಿದ ಮಂಚಗಳ ಗುಡ್ಡೆ. ತಗಡಿನ ಡಬ್ಬಿ ಒಂದೂ ಇಲ್ಲ.

"ಡಬ್ಬಿ ಒಡ್ಯಾಕ ಯಾರೂ ತರಂಗಿಲ್ಲ ಈಗ," ಎಂದ ಲಾಲ್ ಅಹ್ಮದ್. "ಉಲ್ಟಾ ಆಗ್ಯಾದ ಸಾಬ್. ಹಳೀ ಡಬ್ಬಿ ಅದ ಏನು, ತುಕ್ಕು ಹಿಡಿದಿದ್ರ ಭೀ ನಡೀತದ, ಅಂತ ಕೇಳ್ಕೋತ ಬರ್ತಾರ."

"ತುಕ್ಕು ಹಿಡಿದದ್ದು ಯಾಕ?"

"ಹೊಸಾದು ನಿಂದ್ರಿಸಿದ್ರ ಅಧಿಕಾರಿ ನಗ್ತಾನ. ಹಳೇದಿದ್ರ ನೆರವು. ದರ್ಗಾದ ಹಂತ್ಯಾಕ ರೋಜಾ ಓಣಿ ಕಡಿ ರಸ್ತಾ ಅಗದಾರಲ್ಲ, ಹೋಗಿ ನೋಡ್ರಿ. ಅಲ್ಲಿ ದಿನಾ ಒಂದು ಹಳೀ ಅಂಗಡಿ ಹುಟ್ಟಾಕತ್ತದ."

ಅಮೋಘಪ್ಪನ ಹೆಬ್ಬೆರಳು ಅಂಗೈಯ ಮೇಲೆ ನಿಂತುಬಿಟ್ಟಿತು. ಕಳ್ಳನಿಗೆ ತಗಡು ಬೇಕಿರಲಿಲ್ಲ. ಅಂಗಡಿಯೇ ಬೇಕಿತ್ತು.

*

ದರ್ಗಾದ ಕಡೆ ಹೋಗುವ ರಸ್ತೆಯೂ ಕಮಲಾಪುರದಂತೆಯೇ ಹೊಟ್ಟೆ ಸೀಳಿಕೊಂಡು ಬಿದ್ದಿತ್ತು. ಬದಿಯಲ್ಲಿ ಹೂವು, ಅತ್ತರು, ಬಳೆ, ಟೋಪಿ ಮಾರುವ ಡಬ್ಬಿಗಳ ಸಾಲು. ಎಲ್ಲವೂ ಧೂಳು ಮೆತ್ತಿಕೊಂಡು ಒಂದೇ ಬಣ್ಣಕ್ಕೆ ತಿರುಗಿದ್ದವು. ಕೊನೆಯದೊಂದು ಮಾತ್ರ ಹಚ್ಚ ಹಸಿರು. ಮೇಲೆ 'ವಾಚ್ ರಿಪೇರಿ' ಎಂಬ ಹಲಗೆ.

ಒಳಗೆ ಒಬ್ಬ ತೂಕಡಿಸುತ್ತಿದ್ದ. ಹೆಸರು ಮಕ್ಬೂಲ್ ಎಂದ.

ಸಾದಾ ಉಡುಪಿನಲ್ಲಿದ್ದ ಅಮೋಘಪ್ಪ ಕೈಗಡಿಯಾರ ಬಿಚ್ಚಿಕೊಟ್ಟ. "ನಿಂತು ನಿಂತು ಓಡಾಕತ್ತದ. ಅಂಗಡಿ ಹಳೇದೇನು?"

"ಭಾಳ ಹಳೇದ್ರಿ. ಮೊದಲಿಂದ ವಾಚ್ ರಿಪೇರೀನೇ." ಬಾಯಿಪಾಠ ಒಪ್ಪಿಸಿದ ಹಾಗಿತ್ತು.

"ಮಾಲೀಕರು?"

"ಸೇಠ್ ಊರಾಗಿಲ್ರಿ. ನಾ ಬರೇ ಕೂಡೋ ಮನಶ್ಯಾ. ಕರದಾರ, ಕೂತೀನಿ."

ಅಮೋಘಪ್ಪ ಬಾಗಿಲ ಬಲಬದಿಯ ತಗಡಿಗೆ ಒರಗಿದ. ಏನೋ ಚರಚರ ಎಂದಿತು. ಸರಿದು ನೋಡಿದರೆ ತೋಳಿಗೆ ಹಸಿರು ಬಣ್ಣದ ಹಕ್ಕಳೆ ಅಂಟಿತ್ತು. ಹಕ್ಕಳೆಯ ಹಿಂಬದಿ ಬೆಳ್ಳಗಿತ್ತು. ತಗಡಿನಲ್ಲಿ ಆ ಬದಿ ಮಾತ್ರ ಬಣ್ಣ ಉಬ್ಬಿ ಉಬ್ಬಿ ಎದ್ದಿತ್ತು. ಎಡಬದಿ ಕನ್ನಡಿಯಂತಿತ್ತು.

ಆತ ಗಡಿಯಾರ ವಾಪಸ್ ಇಸಿದುಕೊಂಡ. "ನಾಳಿಗಿ ಬರ್ತೀನಿ," ಎಂದು ಹೊರಟ. ಬೀದಿ ತುಂಬ ಅಂಗೈ ತಿಕ್ಕುತ್ತಲೇ ನಡೆದ. ಹಾದಿಹೋಕನೊಬ್ಬ ತಂಬಾಕಿಗೆ ಕೈ ಚಾಚಿದ.

*

ಸೋಮವಾರ ಬೆಳಿಗ್ಗೆ ಜೀಪಿನಲ್ಲಿ ಮಾನಮ್ಮ ಹಿಂದೆ, ಹಣಮಂತರಾಯ ಮುಂದೆ.

"ಸಂಘದ ಅಧ್ಯಕ್ಷರು ನೀವು," ಎಂದಿದ್ದ ಅಮೋಘಪ್ಪ. "ಡಬ್ಬಿ ಗುರ್ತು ಹಿಡೀಲಿಕ್ಕಿ ನೀವೂ ಇರ್ಬೇಕು." ರಾಯನಿಗೆ ಒಲ್ಲೆ ಎನ್ನಲು ಆಗಲಿಲ್ಲ. ಜೀಪು ರೋಜಾ ಕಡೆ ಹೊರಳಿದಾಗ ಮಾತ್ರ ಮಾತು ನಿಲ್ಲಿಸಿದ.

ಹಸಿರು ಡಬ್ಬಿಯ ಮುಂದೆ ಅಲ್ಲಿಯ ಠಾಣೆಯ ಪೊಲೀಸರೂ ಪಂಚರೂ ಕಾದಿದ್ದರು. ಮಕ್ಬೂಲ್ ಹೆದರಿ ಎದ್ದು ನಿಂತ. ಜೀಪಿನಿಂದಿಳಿದವರನ್ನು ಕಂಡದ್ದೇ ಅವನ ಮುಖ ಅರಳಿತು.

"ಸೇಠ್ ಬಂದ್ರು! ಸೇಠ್, ಆಪ್ ಹೀ ಬೋಲೋ ಇವರಿಗಿ!"

ಅವನು ಕೈ ಮುಗಿದದ್ದು ಹಣಮಂತರಾಯನಿಗೆ.

"ಯಾರವ? ನಾ ಇವನ್ನ ಕಂಡೇ ಇಲ್ಲ," ಎಂದ ರಾಯ. ಬಿಳಿ ಹಲ್ಲು ಕಾಣಲಿಲ್ಲ.

"ಇರ್ಲಿ," ಎಂದ ಅಮೋಘಪ್ಪ. "ಮೊದಲ ಅಂಗಡಿನೇ ಮಾತಾಡ್ಲಿ. ಮಾನಮ್ಮಾ, ನಿನ್ನ ಗಿರಾಕಿಗಳಿಗಿ ದಿನಾ ಯಾತಕ್ಕ ಬೈತಿದ್ದಿ?"

ಮಾನಮ್ಮ ಕಕ್ಕಾಬಿಕ್ಕಿಯಾದಳು. "ಗ್ವಾಡಿಗಿ ಸುಣ್ಣ ಒರಸ್ತಾರಂತ ಬೈತಿದ್ನಿರಿ. ತಂಬಾಕಿಗಿ ಸುಣ್ಣ ಹಚ್ಚಿ ತಿಕ್ಕೋದು, ಬೆರಳಾಗ ಉಳಿದದ್ದು ನನ್ನ ಗ್ವಾಡಿಗಿ ಬಳಿಯೋದು. ನೀವೂ ಬಳದೀರಿ ಸಾಹೇಬ್ರ."

"ಬಳದೀನಿ. ಯಾವ ಕಡಿ?"

"ಬಲಕ್ಕರಿ. ಬಲಗೈ ಬೆರಳಲ್ರಿ."

ಅಮೋಘಪ್ಪ ಬಲಬದಿಯ ತಗಡನ್ನು ಚಾಕುವಿನಿಂದ ಮೆಲ್ಲಗೆ ಕೆರೆದ. ಹಸಿರು ಬಣ್ಣ ಸಿಪ್ಪೆಯಂತೆ ಕಳಚಿ ಬಿತ್ತು. ಕೆಳಗೆ ಗಟ್ಟಿ ಸುಣ್ಣ. ಬೆರಳುಗಳ ಗೆರೆ. ಉದ್ದದ್ದು, ಗಿಡ್ಡದ್ದು, ಒಂದರ ಮೇಲೊಂದು, ವರ್ಷಗಟ್ಟಲೆ ಒರೆಸಿದ ಸುಣ್ಣ.

"ಸುಣ್ಣದ ಮ್ಯಾಲ ಎಣ್ಣಿ ಬಣ್ಣ ನಿಂದ್ರಂಗಿಲ್ಲ," ಎಂದ ಆತ. "ವಾಚ್ ರಿಪೇರಿ ಅಂಗಡಿಗಿ ಸುಣ್ಣ ಒರಸವ್ರು ಯಾರು? ತಂಬಾಕು ತಿನ್ನೋ ಕಳ್ಳ ಇದ್ರ, ಗುರ್ತು ಮುಚ್ಚೋ ಬಣ್ಣ ಹಚ್ಚೋಕಿಂತ ಮೊದಲ ಆ ಜಾಗ ಕೆರೀತಿದ್ದ. ಅಡಕಿ ಹೋಳೂ ತಿನ್ನದವಗ ಇದು ಗೊತ್ತೇ ಆಗಂಗಿಲ್ಲ."

ರಾಯ ಬೆವರು ಒರಸಿಕೊಂಡ. "ಊರಾಗ ತಿನ್ನದವ್ರು ನಾ ಒಬ್ಬನೇ ಏನ್ರಿ?"

"ಅಲ್ಲ. ಆದ್ರ ಡಬ್ಬಿ ಖಾಲಿ ಮಾಡು ಅಂತ ಈಕಿಗಿ ಹೇಳ್ದವ್ರು ನೀವೊಬ್ರೇ. ಸಾಲಿನ್ಯಾಗ ಎಲ್ಲರಿಗೂ ಕೇಳ್ದೆ, ಬ್ಯಾರೆ ಯಾರಿಗೂ ನೀವು ಆ ಮಾತು ಹೇಳಿಲ್ಲ. ಖಾಲಿ ಇದ್ರಷ್ಟೇ ನಿಮ್ಮ ಹಮಾಲರು ಎತ್ತಿ ನಿಮ್ಮ ಗೊಬ್ಬರದ ಟ್ರ್ಯಾಕ್ಟರಿಗಿ ಹಾಕಬಹುದಿತ್ತು. ಅವ್ರು ಮುಂಜಾನಿನೇ ಒಪ್ಯಾರ. ಕಮಲಾಪುರದಾಗ ನಿಮ್ಮ ಹೆಸರಿಗಿ ಎರಡನೇ ಅಂಗಡಿ ಹುಟ್ಟಿದ್ರ ಮಂದಿ ನಗ್ತಿದ್ರು. ಇಲ್ಲಿ ನೆರವು ತಗೊಂಡ್ರ ಯಾರು ಕೇಳ್ತಾರ?"

ರಾಯ ನೆಲ ನೋಡಿದ. "ಆಕಿಗಿ ಆಮ್ಯಾಲ ಹೊಸಾದೊಂದು ಮಾಡಿಸಿ ಕೊಡ್ಬೇಕಂತಿದ್ದೆ..."

ಮಾನಮ್ಮ ಮುಂದೆ ಬಂದಳು. ಬೈಯುತ್ತಾಳೆಂದು ಎಲ್ಲರೂ ಕಾದರು. ಬುರ್ಹಾನುದ್ದೀನನ ಖಾಂದಾನನ್ನು ಜಾಲಾಡಿಸಿದ ಬಾಯಿ ಅದು.

"ರಾಯರ," ಎಂದಳು ಮೆಲ್ಲಗೆ, "ನೀವು ಹೇಳಿದ್ರಂತ ನನ್ನ ಕೈಲೇ ಖಾಲಿ ಮಾಡಿದ್ನಲ್ರೀ."

ಅಷ್ಟೇ. ಹಣಮಂತರಾಯ ಮತ್ತೆ ತಲೆ ಎತ್ತಲಿಲ್ಲ.

*

ಪಂಚನಾಮೆ ಮುಗಿಸಿ, ಕೋರ್ಟಿನ ಅಪ್ಪಣೆ ತರಲು ಅಮೋಘಪ್ಪ ಆ ದಿನ ಊಟವನ್ನೂ ಮಾಡಲಿಲ್ಲ. ಡಬ್ಬಿ ಮಂಗಳವಾರ ಬೆಳಿಗ್ಗೆ ಮತ್ತೆ ತನ್ನ ನಾಲ್ಕು ಕಲ್ಲಿನ ಮೇಲೆ ಕೂತಿತು. ಇಳಿಸಿಕೊಟ್ಟವನು ಬುರ್ಹಾನುದ್ದೀನ್, ದುರಸ್ತಿಯಾದ ಕ್ರೇನಿನಿಂದ. ಈ ಸಲ ಚರಂಡಿಗೆ ಒಂದಿಷ್ಟು ಜಾಗ ಬಿಟ್ಟು ಇಳಿಸಿದ. ಮಾನಮ್ಮ ಬೈಯಲಿಲ್ಲ.

ಮಧ್ಯಾಹ್ನ ಬಂದ ಅಧಿಕಾರಿ ಹಸಿರು ಬಣ್ಣ ನೋಡಿ ಹುಬ್ಬು ಗಂಟಿಕ್ಕಿದ.

"ಹೊಸದರ ಹಾಗಿದೆಯಲ್ಲಮ್ಮ. ಇಲ್ಲಿ ಮೊದಲು ವ್ಯಾಪಾರ ಇತ್ತು ಅಂತ ಹೇಗೆ ನಂಬೋದು?"

ಮಾನಮ್ಮ ಬಲಬದಿಗೆ ಕೈ ತೋರಿಸಿದಳು. "ನೋಡ್ರಿ. ಇಷ್ಟು ಮಂದಿ ಬರ್ತಿದ್ರು. ಈ ಎತ್ತರದ್ದು ಲಾರಿಯವರದು. ಈ ಗಿಡ್ಡದ್ದು ನಮ್ಮ ದುಂಡಮ್ಮಾಯಿದು. ರಸ್ತಾ ಅಗದ ಮ್ಯಾಲ ಯಾರೂ ಒರಸಿಲ್ರಿ."

ಅಧಿಕಾರಿ ಬಗ್ಗಿ ನೋಡಿದ. ಉಗುರಿನಿಂದ ಸುಣ್ಣದ ಪದರು ಕೆರೆದ. ಆಮೇಲೆ ಏನೂ ಕೇಳದೆ ಅವಳ ಹೆಸರಿಗೆ ಗುರುತು ಹಾಕಿ ಮುಂದೆ ಹೋದ.

ಮಾನಮ್ಮ ಮನೆಯಿಂದ ಸಾಮಾನು ತಂದು ಜೋಡಿಸಿದಳು. ಸುಣ್ಣದ ಡಬ್ಬಿಯನ್ನು ಬಾಗಿಲ ಹತ್ತಿರ, ಮೊದಲಿನ ಜಾಗದಲ್ಲೇ ಇಟ್ಟಳು. ಗಿರಾಕಿ ಯಾರೂ ಇರಲಿಲ್ಲ. ರಸ್ತೆಯ ಗುಂಡಿ ಹಾಗೆಯೇ ಬಾಯಿ ತೆರೆದಿತ್ತು. ಅಮೋಘಪ್ಪ ಹಲಗೆ ದಾಟಿ ಬಂದ.

"ಏನ್ ಕೊಡ್ಲ್ರೀ ಸಾಹೇಬ್ರ?"

"ತಂಬಾಕು ಬ್ಯಾಡಕ್ಕಾ, ಬಿಟ್ಟೀನಿ. ಬರೇ ಒಂದೀಟು ಸುಣ್ಣ ಕೊಡು."

ಮಾನಮ್ಮ ಅರ್ಥವಾಗದೆ ಕೊಟ್ಟಳು. ಆತ ಬೆರಳ ತುದಿಯ ಸುಣ್ಣವನ್ನು ಒಮ್ಮೆ ನೋಡಿದ. ಬಲಬದಿಯ ತಗಡಿಗೆ ಉದ್ದಕ್ಕೆ ಒರೆಸಿದ. ಅವಳ ಕಡೆ ನೋಡಿ, ಬೈಗುಳಕ್ಕಾಗಿ ಕಾದು ನಿಂತ.

ಮಾನಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಆಮೇಲೆ ಇಡೀ ಸಾಲಿಗೆ ಕೇಳುವಂತೆ ಬೈಯಲು ಶುರು ಮಾಡಿದಳು.