ನಾನೂರ ಹನ್ನೆರಡು ಆಂಪಿಯರ್

ಇನ್ಹೋ ಒಂದು ಅಂಕಿ ಹೇಳಿದನೆಂದರೆ ಉಲ್ಜಿರೊ ಬೀದಿಯ ಗೋಡೆ ಗಡಿಯಾರಗಳೆಲ್ಲ ತಮ್ಮ ಮುಳ್ಳು ನೆಟ್ಟಗಿದೆಯೇ ಎಂದು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದವು. ಸಿಯೋಲ್ ನಗರದಲ್ಲಿ ಒಂದು ಕೋಟಿ ಜನ. ಅವರಲ್ಲಿ ಒಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ಅಂದಾಜಿನ ಮೇಲೆ ಬದುಕುವವರು. ಆ ಒಬ್ಬ ದೊಂಗ್ಹಾ ಕಟ್ಟಡದ ಮೂರನೇ ಮಹಡಿಯಲ್ಲಿ, ಬಟ್ಟೆ ಬೀರುವಿನಷ್ಟು ಅಗಲದ ಅಂಗಡಿಯಲ್ಲಿ, ಕರೆಂಟಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಹಳೆಯ ಆಸಿಲೋಸ್ಕೋಪುಗಳನ್ನು ರಿಪೇರಿ ಮಾಡುತ್ತ ಕೂತಿರುತ್ತಿದ್ದ. ಬೇರೆ ಬೇರೆ ದಿನ ಮೂರು ಸಲ ಅಳೆಯದೆ ಯಾವ ಅಂಕಿಯನ್ನೂ ಬರೆದುಕೊಡುತ್ತಿರಲಿಲ್ಲ. ಮೂರು ಸಲ ಅಳೆದು ಸಹಿ ಹಾಕಿದನೋ, ಮತ್ತೆ ಆ ಯಂತ್ರದ ಕಡೆ ತಲೆ ಹಾಕುತ್ತಿರಲಿಲ್ಲ.

ಅಂಥ ಇನ್ಹೋ ಗುರುವಾರ ಮಧ್ಯಾಹ್ನ ಕಟ್ಟಡದ ತಾರಸಿಯ ಮೇಲೆ ನಿಂತು ಜೀವಮಾನದ ಮೊದಲ ಸುಳ್ಳು ಅಂಕಿ ಹೇಳಿದ.

"ನಾನೂರ ಹನ್ನೆರಡು ಆಂಪಿಯರ್."

ಹಾರಿನ್ ಸ್ವಿಚ್ಚಿನ ಮೇಲಿಂದ ಕೈ ತೆಗೆದಳು. ಕೂದಲು ಕಟ್ಟಲು ಸಿಕ್ಕಿಸಿಕೊಂಡಿದ್ದ ಸ್ಕ್ರೂಡ್ರೈವರ್ ಜಾರಿ ಒಂದು ಎಳೆ ಕೆನ್ನೆಗೆ ಬಿತ್ತು. ಆ ಒಂದು ಎಳೆ ಕೂದಲು ಬೀಳುವುದನ್ನು ನೋಡುತ್ತ ಇನ್ಹೋ ಸುಮಾರು ಆರು ತಿಂಗಳು ಉಸಿರಾಡಲಿಲ್ಲ.

"ಸೋಮವಾರ ಮುನ್ನೂರ ಎಂಬತ್ತು ಅಂದ್ರಿ. ಮಂಗಳವಾರಾನೂ ಅದೇ ಅಂದ್ರಿ."

"ಹೌದು."

"ಇವತ್ತು ನಾನೂರ ಹನ್ನೆರಡಾ?"

"ಗಾಳಿ ಇದೆಯಲ್ಲ ಇವತ್ತು," ಎಂದ ಇನ್ಹೋ. ಗಾಳಿಗೆ ಆಂಪಿಯರ್ ಏರುವುದಿಲ್ಲ ಎಂದು ದೊಂಗ್ಹಾ ಕಟ್ಟಡದ ಬೆಕ್ಕಿಗೂ ಗೊತ್ತಿತ್ತು.

ಹಾರಿನ್ ಐದನೇ ಮಹಡಿಯಲ್ಲಿ ಅಂಗಡಿಗಳ ನಾಮಫಲಕಕ್ಕೆ ದೀಪ ಜೋಡಿಸುವವಳು. ನಾಲ್ಕು ವರ್ಷದಿಂದ ಬಿಡುವಿನಲ್ಲೆಲ್ಲ ತಾರಸಿಯ ಮೇಲೆ ಒಂದು ಟೆಸ್ಲಾ ಕಾಯಿಲ್ ಕಟ್ಟುತ್ತಿದ್ದಳು. ಮೋರಿ ಪೈಪಿಗೆ ಸಾವಿರದ ಇನ್ನೂರು ಸುತ್ತು ತಾಮ್ರದ ತಂತಿ, ನೆತ್ತಿಯ ಮೇಲೆ ಬಾಯಿಗೆ ಬಾಯಿ ಕೂಡಿಸಿದ ಎರಡು ಸ್ಟೀಲ್ ಬೋಗುಣಿ. ಸ್ವಿಚ್ ಒತ್ತಿದರೆ ಬೋಗುಣಿಯ ಅಂಚಿನಿಂದ ನೇರಳೆ ಬಣ್ಣದ ಮಿಂಚು ಹೊರಟು ಹಾಡಿನ ಸ್ವರದಲ್ಲೇ ಚಟಪಟ ಮಿಡಿಯುತ್ತಿತ್ತು. ಅದು ಹಾಡುವಾಗ ನದಿಯಾಚೆಯ ಮೋಡಗಳು ನಾಚಿ ಮನೆಗೆ ಹೋಗುತ್ತಿದ್ದವು.

ಶನಿವಾರ ಸಂಜೆ ಕಟ್ಟಡದವರ ಕೂಟ. ಅಂದು ಒಂದು ನಾಟಕ ತಂಡದವರು ಈ ಮಿಂಚನ್ನು ನೋಡಲು ಬರುತ್ತಿದ್ದರು. ಮೆಚ್ಚಿದರೆ ಇದು ರಂಗದ ಮೇಲೇರುತ್ತಿತ್ತು. ಆದರೆ ಕಟ್ಟಡದ ಮ್ಯಾನೇಜರ್ ಓಕ್ ಒಂದು ಷರತ್ತು ಹಾಕಿದ್ದರು. ಕಾಯಿಲಿನ ಟ್ರಾನ್ಸಿಸ್ಟರುಗಳು ನಾನೂರು ಆಂಪಿಯರ್ ದಾಟಿದರೆ ಪಟಾಕಿಯಂತೆ ಸಿಡಿಯುತ್ತವೆ. ಆದ್ದರಿಂದ ಪೀಕ್ ಕರೆಂಟ್, ಎಂದರೆ ಅಲೆಯ ನೆತ್ತಿಯ ಕರೆಂಟ್, ನಾನೂರರ ಒಳಗಿದೆ ಎಂದು ಇನ್ಹೋ ಬರೆದ ಕಾಗದ ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಅವರ ಮೇಜಿನ ಮೇಲಿರಬೇಕು. ಇಲ್ಲವಾದರೆ ಆ ಹೊತ್ತು ಎರಡನೇ ಮಹಡಿಯ ಗಾಯಕಿಗೆ.

ಹಾಗೆ ಇನ್ಹೋ ತಾರಸಿ ಹತ್ತಿದ್ದ.

ಅವನು ತಂದ ಸಾಧನ ಬಳೆಯಂಥ ಒಂದು ಕಪ್ಪು ಫೆರೈಟ್ ಉಂಗುರ, ಅದರ ಸುತ್ತ ಕೂದಲೆಳೆಯ ತಂತಿ. ಕಾಯಿಲಿನ ದಪ್ಪ ತಂತಿಯನ್ನು ಉಂಗುರದ ನಡುವೆ ತೂರಿಸಿದರೆ ಸಾಕು. ಎಲ್ಲೂ ತಾಗದೆ, ಒಳಗಿನ ಕರೆಂಟಿನ ಸಾವಿರದಲ್ಲೊಂದು ಪಾಲು ಇದರಲ್ಲಿ ಹುಟ್ಟಿ ಸ್ಕೋಪಿನ ಪರದೆಯ ಮೇಲೆ ಅಲೆಯಾಗಿ ಏಳುತ್ತದೆ.

"ಮುಟ್ಟದೇನೇ ಎಲ್ಲಾ ತಿಳ್ಕೊಳ್ಳತ್ತಾ ಇದು?" ಎಂದು ಸೋಮವಾರ ಹಾರಿನ್ ಕೇಳಿದ್ದಳು.

"ಮುಟ್ಟಿದ್ರೆ ಸುಟ್ಟುಹೋಗತ್ತೆ."

"ಪಾಪ," ಎಂದು ಅವಳು ಉಂಗುರವನ್ನು ನೋಡದೆ ಅವನನ್ನು ನೋಡಿ ಹೇಳಿದ್ದಳು. ಆ ನೋಟಕ್ಕೆ ಪೀಕ್ ಎಷ್ಟೆಂದು ಅಳೆಯಲು ಇನ್ಹೋನ ಬಳಿ ಉಪಕರಣವಿರಲಿಲ್ಲ. ಅಂದಿನಿಂದ ಅವನು ಮೆಟ್ಟಿಲು ಹತ್ತುವಾಗ ಹಾಡುತ್ತಿದ್ದ. ಇಳಿಯುವಾಗ ಇನ್ನೂ ಜೋರಾಗಿ.

ಈಗ ಗುರುವಾರ ಮೂರನೆಯ ಅಳತೆ. ಪರದೆಯ ಮೇಲೆ ಮುನ್ನೂರ ಎಂಬತ್ತೊಂದು ಸ್ಪಷ್ಟವಾಗಿ ಹೊಳೆಯುತ್ತಿತ್ತು. ಅದನ್ನು ಹೇಳಿದರೆ ಸಹಿ. ಸಹಿ ಹಾಕಿದರೆ ತಾರಸಿಗೆ ಬರಲು ಬೇರೆ ನೆಪವಿಲ್ಲ. ಒಂಬತ್ತು ವರ್ಷ ಅಂಕಿಗೆ ಪ್ರಾಣ ಕೊಟ್ಟವನ ನಾಲಿಗೆ ಅಲ್ಲೇ ಜಾರಿತು.

"ಸರಿ, ನಾಳೆಗೆ ಕಡಿಮೆ ಮಾಡಿಡ್ತೀನಿ," ಎಂದಳು ಹಾರಿನ್. "ಇನ್ನೊಂದ್ಸಲ ಬರೋ ತೊಂದ್ರೆ ನಿಮಗೆ."

"ತೊಂದ್ರೆ ಏನಿಲ್ಲ," ಎಂದ ಇನ್ಹೋ, ಬಹಳ ತೊಂದರೆಯಾದವನ ಮುಖ ಮಾಡಿ.

ಶುಕ್ರವಾರ ಅವಳು ಕರೆಂಟಿನ ಒಂದೊಂದು ಮಿಡಿತದ ಅವಧಿಯನ್ನು ಕತ್ತರಿಸಿಟ್ಟಿದ್ದಳು. ಮೊದಲು ಮೊಳ ಮೊಳ ಚಾಚುತ್ತಿದ್ದ ಮಿಂಚು ಈಗ ಗೇಣುದ್ದಕ್ಕೆ ಇಳಿದಿತ್ತು; ಹಾಡು ಮೂಗು ಕಟ್ಟಿದವರ ದನಿಯಾಗಿತ್ತು. ಪರದೆಯ ಮೇಲೆ ಮುನ್ನೂರ ಐವತ್ತು.

"ಎಷ್ಟು ಬಂತು?"

"ನಾನೂರ... ಐದು."

"ಅಬ್ಬಾ, ಹಠಮಾರಿ ಕರೆಂಟು," ಎಂದು ಹಾರಿನ್ ಒಂದು ಲೋಟ ಬಾರ್ಲಿ ಚಹಾ ಮುಂದೆ ಹಿಡಿದಳು. ಲೋಟ ಕೊಡುವಾಗ ಅವಳ ಕಣ್ಣು ಅವನ ಹುಬ್ಬಿನಿಂದ ಹೊರಟು ಮೂಗಿನ ಮೇಲೆ ಇಳಿದು ತುಟಿಯ ಬಳಿ ಅರೆಕ್ಷಣ ನಿಂತು, ಏನೂ ಆಗಲಿಲ್ಲವೆಂಬಂತೆ ಸ್ಕೋಪಿನ ಕಡೆ ಹೋಯಿತು. "ಕೂತ್ಕೊಂಡು ಕುಡೀರಿ. ನಿಂತ್ಕೊಂಡ್ ಕುಡಿದ್ರೆ ಅದೂ ನಾನೂರು ದಾಟೀತು."

ಆ ರಾತ್ರಿ ಇನ್ಹೋಗೆ ನಿದ್ದೆ ಹತ್ತಲಿಲ್ಲ ಎಂದರೆ ಕಡಿಮೆಯಾಯಿತು. ಅವನ ನಿದ್ದೆಗೆಟ್ಟ ಹೊರಳಾಟಕ್ಕೆ ಅಕ್ಕಪಕ್ಕದ ಮೂರು ಬೀದಿಯವರಿಗೂ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಗೇಣುದ್ದದ ಮಿಂಚು. ಅವಳ ನಾಲ್ಕು ವರ್ಷವನ್ನು ತಾನು ಎರಡೇ ದಿನದಲ್ಲಿ ಗೇಣಿಗೆ ಇಳಿಸಿದ್ದ, ಅದೂ ಒಂದು ಲೋಟ ಚಹಾದ ಆಸೆಗೆ.

ಶನಿವಾರ ಹನ್ನೊಂದಕ್ಕೆ ಅವನು ಸ್ಕೋಪ್ ಹೊತ್ತು ತಾರಸಿ ಹತ್ತಿದಾಗ ಹಾರಿನ್ ಮೆಟ್ಟಿಲ ಬಾಯಲ್ಲೇ ಕೂತು ಒಣ ಮೀನಿನ ಚೂರು ಜಗಿಯುತ್ತಿದ್ದಳು.

"ಸ್ಕೋಪ್ ಇಳಿಸ್ಬೇಡಿ," ಎಂದಳು. "ಇನ್ನೂ ಕಡಿಮೆ ಮಾಡಿದ್ರೆ ಅದು ಮಿಂಚಲ್ಲ, ಸಿಗರೇಟ್ ಲೈಟರ್. ಗಾಯಕಿ ಹಾಡ್ಲಿ ಬಿಡಿ."

ಇನ್ಹೋ ಸ್ಕೋಪ್ ಇಳಿಸಿದ. ಜೇಬಿನಿಂದ ಕಾಗದ ತೆಗೆದು ಅವಳ ಮುಂದೆ ಹಿಡಿದ. ಅದರಲ್ಲಿ ಮುನ್ನೂರ ಎಂಬತ್ತೊಂದು ಎಂದಿತ್ತು, ಕೆಳಗೆ ಸಹಿ.

"ಗುರುವಾರದ್ದು ಇದೇ ಅಂಕಿ ಕಣ್ರೀ. ನಾನೂರ ಹನ್ನೆರಡು ಬಂದೇ ಇರ್ಲಿಲ್ಲ. ಶುಕ್ರವಾರದ್ದೂ ಸುಳ್ಳು. ನಿಮ್ಮ ಕಾಯಿಲಲ್ಲಿ ಯಾವ ದೋಷಾನೂ ಇಲ್ಲ. ದೋಷ ನನ್ನಲ್ಲಿತ್ತು."

ಹಾರಿನ್ ಜಗಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು."

"ಏನು ಗೊತ್ತು?"

"ಬನ್ನಿ ಇಲ್ಲಿ." ಅವಳು ಅವನ ತೋಳು ಹಿಡಿದು ಕಾಯಿಲಿನ ಬುಡಕ್ಕೆ ಕರೆದೊಯ್ದು ಸರ್ಕ್ಯೂಟ್ ಬೋರ್ಡಿನ ಮೂಲೆ ತೋರಿಸಿದಳು. ಅಲ್ಲಿ ಅಕ್ಕಿಕಾಳಿನಷ್ಟು ಒಂದು ಕೆಂಪು ದೀಪ. "ನಾನೂರು ದಾಟಿದ್ರೆ ಕಾಯಿಲ್ ತಾನೇ ಆಫ್ ಆಗಿ ಇದು ಹತ್ಕೊಳ್ಳತ್ತೆ. ಕಟ್ಟಿದ ಮೊದಲನೇ ದಿನ ಹಾಕಿದ್ದು. ನೀವು ನಾನೂರ ಹನ್ನೆರಡು ಅಂದಾಗ ಹಾಡು ನಿಂತಿತ್ತಾ? ದೀಪ ಹತ್ತಿತ್ತಾ?"

ಇಡೀ ಸಿಯೋಲ್‌ನಲ್ಲಿ ಅಳತೆಗೆ ಹೆಸರಾದ ಮನುಷ್ಯ ಆ ದೀಪವನ್ನು ಆಗಲೇ ಮೊದಲ ಸಲ ನೋಡುತ್ತಿದ್ದ.

"ನನಗೆ ಇದು ಕಾಣ್ಲೇ ಇಲ್ಲ."

"ಹೇಗೆ ಕಾಣತ್ತೆ? ನಾಲ್ಕು ದಿನದಲ್ಲಿ ನೀವು ನೋಡಿದ್ದು ಎರಡೇ. ಒಂದು ಸ್ಕೋಪು, ಇನ್ನೊಂದು ನನ್ನ ಮುಖ. ಅದ್ರಲ್ಲಿ ಸ್ಕೋಪಿಗೆ ಕಡಿಮೆ ಬಿತ್ತು."

"ಮತ್ತೆ ಯಾಕೆ ಸುಮ್ನಿದ್ರಿ?"

"ನಿಮ್ಮ ಸುಳ್ಳು ಎಷ್ಟರ ತನಕ ಏರತ್ತೆ ಅಂತ ನೋಡ್ತಿದ್ದೆ." ತುಟಿಯಂಚಿನ ನಗು ಹಾಗೇ ಇಳಿಯಿತು. "ಆದ್ರೆ ಇನ್ಹೋ ಅವ್ರೆ, ಹನ್ನೆರಡು ಗಂಟೆ ಒಳಗೆ ನೀವೇ ಬಂದು ಹೇಳ್ದೇ ಇದ್ದಿದ್ರೆ ನಾನು ಮತ್ತೆ ನಿಮ್ಮ ಮುಖ ನೋಡ್ತಿರ್ಲಿಲ್ಲ. ಸೆಟ್ಟಿಂಗ್ ನಿನ್ನೇನೇ ವಾಪಸ್ ಇಟ್ಟಾಯ್ತು. ನನ್ನ ಮಿಂಚನ್ನ ಗಿಡ್ಡ ಮಾಡಿ ನೀವು ಚಹಾ ಕುಡೀತೀರಾ? ಚಹಾ ಬೇಕು ಅಂತ ಬಾಯಿಬಿಟ್ಟು ಕೇಳೋಕೇನಾಗಿತ್ತು?"

"ಧೈರ್ಯ ಇರ್ಲಿಲ್ಲ."

"ಈಗ?"

"ಈಗ ಮ್ಯಾನೇಜರ್ ಹತ್ರ ಹೋಗ್ತೀನಿ," ಎಂದು ಇನ್ಹೋ ಮೆಟ್ಟಿಲಿಳಿದ.

ಹಾರಿನ್ ಹಿಂದೆಯೇ ಓಡಿದಳು. ಅವನು ಸುಮ್ಮನೆ ಕಾಗದ ಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಮ್ಯಾನೇಜರ್ ಓಕ್ ಅವರ ಬಾಗಿಲಲ್ಲಿ ಇಪ್ಪತ್ತು ಜನ ನಿಂತಿರುವಾಗಲೇ ಇನ್ಹೋ ಸೊಂಟ ಬಗ್ಗಿಸಿ ನಮಸ್ಕರಿಸಿ ಹೇಳಿದ: "ಸಾರ್, ಗುರುವಾರ, ಶುಕ್ರವಾರ ನಾನು ಸುಳ್ಳು ಅಂಕಿ ಹೇಳಿದ್ದೆ. ಈ ಕಾಗದದಲ್ಲಿರೋದು ನಿಜ."

ಆ ಕಟ್ಟಡದ ಫ್ಯಾನುಗಳೆಲ್ಲ ತಿರುಗುವುದನ್ನು ನಿಲ್ಲಿಸಿದವು.

"ಯಾಕಯ್ಯಾ?" ಎಂದರು ಓಕ್.

ಇನ್ಹೋ ಕಿವಿಯ ತುದಿಯವರೆಗೂ ಕೆಂಪಾದ. "ಇನ್ನೊಂದ್ಸಲ ತಾರಸಿಗೆ ಹೋಗ್ಬೇಕು ಅನ್ನಿಸ್ತಿತ್ತು, ಸಾರ್."

ಇಪ್ಪತ್ತೂ ತಲೆ ಒಟ್ಟಿಗೆ ಹಾರಿನ್ ಕಡೆ ತಿರುಗಿದವು. ಎರಡನೇ ಮಹಡಿಯ ಗಾಯಕಿ ನಿಡುಸುಯ್ದಳು. "ನನ್ನ ಹಾಡು ಹೋಯ್ತು ಬಿಡಿ. ಇಂಥದ್ರ ಮುಂದೆ ನಾನೇನ್ ಹಾಡ್ಲಿ."

"ಅದೆಲ್ಲ ಇರ್ಲಿ," ಎಂದರು ಓಕ್. "ಎರಡು ದಿನ ಸುಳ್ಳು ಹೇಳಿದವನ ಮೂರನೇ ಮಾತು ನಾನು ಹೇಗೆ ನಂಬ್ಲಿ?"

"ನಂಬಬೇಡಿ. ಬಂದು ನೋಡಿ," ಎಂದ ಇನ್ಹೋ.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಇಡೀ ದೊಂಗ್ಹಾ ಕಟ್ಟಡ ತಾರಸಿಯ ಮೇಲಿತ್ತು. ಭಾರಕ್ಕೆ ಕಟ್ಟಡ ಒಂದು ಗೇಣು ಕುಸಿದಿರಬೇಕು. ಇನ್ಹೋ ದಪ್ಪ ತಂತಿಗೆ ಉಂಗುರ ತೊಡಿಸಿದ. ಹಾರಿನ್ ಸ್ಕೋಪಿನ ತಂತಿಯ ಇನ್ನೊಂದು ತುದಿ ಹಿಡಿದು ಸಿಕ್ಕಿಸಿಕೊಟ್ಟಳು, ಆಮೇಲೆ ಸ್ವಿಚ್ಚಿನ ಬಳಿ ಹೋದಳು.

ಮಿಂಚು ಹಾರಿತು. ಗೇಣಲ್ಲ, ಮೊಳವೂ ಅಲ್ಲ, ಹಾಡಿನ ಒಂದೊಂದು ಸ್ವರಕ್ಕೂ ಆಳೆತ್ತರ. ಹಗಲ ಬಿಸಿಲೇ ಒಮ್ಮೆ ಮಂಕಾಗಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಿತು. ಜನ ಬಾಯಿ ತೆರೆದು ಮೇಲೆ ನೋಡುತ್ತಿದ್ದರೆ ಓಕ್ ಮಾತ್ರ ಕನ್ನಡಕ ಏರಿಸಿ ಪರದೆಗೆ ಮೂಗು ತಾಗಿಸಿದ್ದರು. ಅಲೆ ಉಬ್ಬಿತು, ಉಬ್ಬಿತು, ಒಂದು ನೆತ್ತಿ ಮುಟ್ಟಿ ಇಳಿಯಿತು.

"ಮುನ್ನೂರ... ಎಂಬತ್ತು... ಎರಡು," ಎಂದು ಓದಿದರು. ಬೋರ್ಡಿನ ಮೂಲೆಯ ದೀಪ ಕಪ್ಪಗೇ ಇತ್ತು. ಓಕ್ ಜೇಬಿನಿಂದ ಮೊಹರು ತೆಗೆದು ಅಲ್ಲೇ ಕಾಗದಕ್ಕೆ ಒತ್ತಿದರು. "ಸಂಜೆ ಇದೇ ಹಾಡ್ಲಿ. ಇವತ್ತಿನ ಅಳತೆ ನಂದು. ನಿಂದಲ್ಲ," ಎಂದು ಇನ್ಹೋನನ್ನು ಗದರಿ, ಮೀಸೆಯಡಿ ನಗು ಅಡಗಿಸಿಕೊಂಡು ಇಳಿದುಹೋದರು. ಜನರೂ ಒಬ್ಬೊಬ್ಬರಾಗಿ ಇಳಿದರು.

ಇಬ್ಬರೇ ಉಳಿದರು. ಮಿಂಚಿನ ವಾಸನೆ ಇನ್ನೂ ಗಾಳಿಯಲ್ಲಿತ್ತು. ಇನ್ಹೋ ತಂತಿಯಿಂದ ಉಂಗುರ ಬಿಡಿಸಿ ಬಟ್ಟೆಯಲ್ಲಿ ಸುತ್ತಿದ, ಬೇಕಾದ್ದಕ್ಕಿಂತ ನಿಧಾನವಾಗಿ.

"ನನ್ನ ಹೆಸರು ಹೋಯ್ತು," ಎಂದ. "ಇನ್ಮೇಲೆ ಯಾರೂ ನನ್ನ ಹತ್ರ ಅಳತೆಗೆ ಬರಲ್ಲ."

"ಬರ್ತಾರೆ. ತಪ್ಪು ಹೇಳಿದ್ರೆ ತಾನೇ ಬಂದು ಒಪ್ಕೊಳ್ಳೋ ಅಳತೆಗಾರ ಸಿಯೋಲಲ್ಲಿ ಇನ್ನೊಬ್ಬ ಇಲ್ಲ." ಹಾರಿನ್ ಅವನ ಎದುರು ಕುಕ್ಕರಗಾಲಲ್ಲಿ ಕೂತಳು. "ನಾಳೆ ಭಾನುವಾರ. ನನ್ನ ಹತ್ರ ಅಳೆಯೋದು ಏನೂ ಉಳಿದಿಲ್ಲ. ಆದ್ರೂ ಬರ್ತೀರಾ?"

"ತಾರಸಿಗಾ?"

"ಮನೆಗೆ. ಅಮ್ಮ ಸೋಯಾ ಸಾರು ಮಾಡ್ತಾರೆ."

ಇನ್ಹೋ ಉಂಗುರದ ಗಂಟನ್ನು ಕೆಳಗಿಟ್ಟ. ಈ ಸಲ ಒಂದೇ ಉಸಿರಿಗೆ ಹೇಳಿಬಿಟ್ಟ: "ಬರ್ತೀನಿ. ನಾಳೆ ಬರ್ತೀನಿ, ನಾಡಿದ್ದೂ ಬರ್ತೀನಿ. ನಿಮ್ಮನ್ನ ನೋಡೋಕೇ ಬರ್ತೀನಿ, ಬೇರೆ ಯಾವ ಕೆಲಸಾನೂ ಇಲ್ಲ. ಸ್ಕೋಪ್ ತರಲ್ಲ."

ಹಾರಿನ್ ತಲೆ ತಗ್ಗಿಸಿದಳು. ನಕ್ಕಳೋ ನಾಚಿದಳೋ, ಭುಜ ಮಾತ್ರ ಅಲುಗಿತು. ತಲೆಯೆತ್ತಿದಾಗ ಕಣ್ಣಂಚು ಒದ್ದೆಯಾಗಿತ್ತು, ಮಾತಿನ ಮೊನಚು ಮಾತ್ರ ಹಾಗೇ ಇತ್ತು.

"ಸ್ಕೋಪ್ ಬೇಡ. ಆದ್ರೆ ಖಾಲಿ ಕೈಲಿ ಬಂದ್ರೆ ಅಮ್ಮ ಚಪ್ಪಲಿ ಬಿಡೋ ಜಾಗದಲ್ಲೇ ನಿಲ್ಲಿಸ್ತಾರೆ. ಪೇರ್ ಹಣ್ಣಿನ ಡಬ್ಬಿ ತನ್ನಿ. ದೊಡ್ಡದು."

"ಎಷ್ಟು ದೊಡ್ಡದು?"

"ಅಂದಾಜಿಗೆ ತನ್ನಿ ಮಾರಾಯ್ರೆ," ಎಂದು ಅವಳು ಅವನ ಕೈ ಹಿಡಿದು ಎಬ್ಬಿಸಿದಳು. ಎದ್ದ ಮೇಲೂ ಬಿಡಲಿಲ್ಲ.