ಕಾಫಿ ಗಸಿ ತುಂಬಿದ ಕೋನು

"ಏ... ಅದಕ್ಕ ಕೈ ಹಚ್ಚಬ್ಯಾಡ್ರಿ!"

ಶೇವಂತಿ ಚೀರಿದ್ದು ಆತನಿಗೆ ಕೇಳಿಸಲಿಲ್ಲ. ಪಡಸಾಲೆಯಲ್ಲಿ ಎರಡೂ ಪವರ್‌ಲೂಮು ಓಡುತ್ತಿದ್ದವು. ಆ ಖಟಖಟದೊಳಗೆ ಮಾತು ಮುಟ್ಟಬೇಕಾದರೆ ಎದುರಿಗೇ ಹೋಗಿ ನಿಲ್ಲಬೇಕು. ಅವಳು ಓಡಿ ಬರುವಷ್ಟರಲ್ಲಿ ಆತ ಕಿಟಕಿ ಕಟ್ಟೆಯ ಮೇಲಿದ್ದ ಕಾಗದದ ಕೋನನ್ನು ಎತ್ತಿ, ಬೋರಲು ಮಾಡಿ ಝಾಡಿಸಿಬಿಟ್ಟಿದ್ದ.

ಕರಿಮಣ್ಣು ನೆಲಕ್ಕೆ ಸುರಿಯಿತು. ಮಣ್ಣಿನೊಂದಿಗೆ ಕಾಫಿಯ ವಾಸನೆಯೂ ಎದ್ದಿತು.

ನೂಲು ಬಿಚ್ಚಿಕೊಂಡು ಖಾಲಿಯಾದ ಕೋನುಗಳನ್ನು ನೂಲಿಗೆ ಬಣ್ಣ ಹಾಕುವ ಮನೆಯವರು ಹೊಸ ನೂಲು ತಂದಾಗ ಒಯ್ಯುವುದು ಬನಹಟ್ಟಿಯಲ್ಲಿ ರೂಢಿ. ಈ ಸಲ ರಬಕವಿಯಿಂದ ಹೊಸಬ ಬಂದಿದ್ದ. ನಾಮದೇವ ಅಂತ ಹೆಸರು. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಉಳಿದಿದ್ದ ಕೈ. ಆ ಕೈ ಈಗ ಗಾಳಿಯಲ್ಲೇ ನಿಂತಿತ್ತು.

"ಏನಾತ್ರೀ? ಖಾಲಿ ಕೋನು ಅಂತ ತಿಳದಿದ್ನಿ..."

"ಅದರಾಗ ನಮ್ಮವ್ವ ಊರಿದ ಬೀಜ ಇತ್ರೀ! ಆಕಿ ಹೋಗಿ ಇನ್ನೂ ತಿಂಗಳಾಗಿಲ್ಲ. ಕಣ್ಣ ಕಾಣೂದಿಲ್ಲೇನ್ರಿ ನಿಮಗ?"

ಶೇವಂತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅತ್ತು ಸಮಾಧಾನ ಮಾಡಿಕೊಂಡು ಹೊರಗೆ ಬಂದಾಗ ನೆಲ ಸ್ವಚ್ಛವಾಗಿತ್ತು. ಮಣ್ಣೂ ಇಲ್ಲ, ಕೋನೂ ಇಲ್ಲ, ಆತನೂ ಇಲ್ಲ!

'ಬಳದು ಕಸದಾಗ ಒಗದ ಹೋದ... ಎಂಥಾ ಮನಷ್ಯಾ!'

ಈ ಮನೆಯಲ್ಲಿ ಮೊದಲು ಕಾಫಿ ಎಂಬುದೇ ಇರಲಿಲ್ಲ. ಎಲ್ಲರ ಮನೆಯಂತೆ ಚಹಾ. ಅವ್ವನ ಹೊಟ್ಟೆಯಲ್ಲಿ ಗಡ್ಡೆ ಬೆಳೆದು, ಬೆಳಗಾವಿ ದವಾಖಾನೆಯಲ್ಲಿ ಔಷಧ ಹತ್ತಿದ ಮೇಲೆ, ಚಹಾದ ವಾಸನೆ ಬಂದರೂ ಆಕೆಗೆ ವಾಂತಿ. ಒಂದೆರಡು ಗುಟುಕು ಒಳಗೆ ನಿಲ್ಲುತ್ತಿದ್ದುದು ಕಾಫಿ ಮಾತ್ರ. ಅಪ್ಪ ವಿಠೋಬಾ ಜಮಖಂಡಿಗೆ ಹೋಗಿ ಹಿತ್ತಾಳೆಯ ಫಿಲ್ಟರ್ ತಂದ.

ಸೋಸಿ ಉಳಿದ ಪುಡಿಯನ್ನು ಶೇವಂತಿ ಚೆಲ್ಲಲು ಹೋದರೆ ಅವ್ವ ಹಾಸಿಗೆಯಿಂದಲೇ ತಡೆಯುತ್ತಿದ್ದಳು.

"ಒಗಿಬ್ಯಾಡ ಬೇ ತಂಗಿ. ಆ ಗಸಿ ಬಿಸಲಿಗೆ ಒಣಗಸು. ನಾಕ ಮುಷ್ಟಿ ಮಣ್ಣಿಗೆ ಒಂದ ಮುಷ್ಟಿ ಕೂಡಸಿದ್ರ ಸಾಕು, ಮಣ್ಣ ಉದರಾಗಿ ಬೀಜ ಹಗರಕ ಮ್ಯಾಲ ಏಳತೈತಿ. ದವಾಖಾನ್ಯಾಗ ಬಾಜೂ ಕಾಟಿನಾಕಿ ಹೇಳ್ಯಾಳ."

"ನಿನಗ ಈಗ ಬೀಜದ ಚಿಂತಿ ಏನ್ ಬೇ?"

"ಮತ್ಯಾತರದು ಮಾಡ್ಲಿ? ಸಾಯೂದರದು ಮಾಡ್ಲೇನು?"

ಆಕೆಗೆ ಇದ್ದುದು ತನ್ನ ತವರಿನ ಮುಳಗಾಯಿ ಬೀಜದ ಚಿಂತೆ. ಮೈಮೇಲೆ ಬಿಳಿ ಗೆರೆಯ ಬದನೆ, ಬೇರೆಲ್ಲೂ ಸಿಗದು ಎಂದು ಆಕೆಯ ನಂಬಿಕೆ. ಬೂದಿಯಲ್ಲಿ ಕಲಸಿ ಅರಿವೆಯಲ್ಲಿ ಕಟ್ಟಿಟ್ಟಿದ್ದ ಕೊನೆಯ ಗಂಟು. ಕಡೆಗಾಲದಲ್ಲಿ ಹಾಸಿಗೆಯಲ್ಲೇ ಕುಳಿತು ಒಂದು ಕೋನಿನಲ್ಲಿ ಮಣ್ಣು, ಗಸಿ ತುಂಬಿಸಿಕೊಂಡು ಒಂದೇ ಒಂದು ಬೀಜ ಊರಿದ್ದಳು. ಅದರ ಮರುವಾರ ಹೋಗಿಬಿಟ್ಟಳು. ಅಪ್ಪ ಫಿಲ್ಟರ್ ಅಟ್ಟಕ್ಕೆ ಏರಿಸಿದ. ಮನೆಯಲ್ಲಿ ಮತ್ತೆ ಚಹಾ.

ಆ ಒಂದು ಕೋನನ್ನೇ ಆತ ಸುರಿದಿದ್ದ.

ಮುಂದಿನ ವಾರ ನಾಮದೇವ ನೂಲಿನ ಜೊತೆಗೆ ಒಂದು ಸ್ಟೀಲ್ ಡಬ್ಬಿ ತಂದು ಕಟ್ಟೆಯ ಮೇಲಿಟ್ಟ.

"ಏನಿದು?"

"ಕಾಫಿ ಗಸಿರಿ... ನಿಮ್ಮಪ್ಪಾರ ಎಲ್ಲಾ ಹೇಳಿದ್ರು. ಬ್ಯಾರೆ ಬೀಜ ಅದಾವಂತ, ಗಸಿ ತೀರೇತಂತ. ನಮ್ಮ ಮನ್ಯಾಗ ದಿನಾ ಕಾಫಿನ ಮಾಡ್ತೀವ್ರಿ."

ಆತ ತಲೆ ಎತ್ತಲೇ ಇಲ್ಲ. ಶೇವಂತಿಗೆ ಸಿಟ್ಟು ಇಳಿದಿರಲಿಲ್ಲ, ಆದರೂ ಆ ತಗ್ಗಿದ ತಲೆ ನೋಡಿ ಎದೆಯೊಳಗೆ ಏನೋ ಸಡಿಲಾಯಿತು. ಅವ್ವನ ಬೇನೆಯ ಕಾಲಕ್ಕೆ ತನಗೆ ಗೊತ್ತು ಮಾಡಿದ್ದ ಗಂಡು ಕಾಯಲಾರದೆ ಬೇರೆ ಕಡೆ ಲಗ್ನವಾದ ಮೇಲೆ, ಅವಳ ಮುಂದೆ ಹೀಗೆ ಯಾರೂ ನಿಂತಿರಲಿಲ್ಲ.

ಕೊಟ್ಟವರ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು. ಆತ ಹೊರಡುವ ಗಡಿಬಿಡಿಯಲ್ಲಿದ್ದ. ಶೇವಂತಿ ಹಸಿ ಗಸಿಯನ್ನು ಮೂಲೆಯಲ್ಲಿ ಕೈಗೆ ಸಿಕ್ಕ ಪ್ಲಾಸ್ಟಿಕ್ ಡಬ್ಬಕ್ಕೆ ಸುರಿದು, ಸ್ಟೀಲ್ ಡಬ್ಬಿ ತೊಳೆದು, ಮಹಾಲಿಂಗಪುರದ ಬೆಲ್ಲದ ಒಂದು ಹೆಂಟೆ ಹಾಕಿ ಕೊಟ್ಟಳು.

ಅವತ್ತು ಅವಸರದಲ್ಲಿ ಅವಳು ಆ ಪ್ಲಾಸ್ಟಿಕ್ ಡಬ್ಬದ ಒಳಗೆ ಇಣುಕಿ ನೋಡಲಿಲ್ಲ.

ಗಂಟಿನಲ್ಲಿದ್ದ ಬೀಜವನ್ನೆಲ್ಲ ಊರಿದಳು. ಕಟ್ಟೆಯ ತುಂಬ ಕೋನು. ವಾರಕ್ಕೊಮ್ಮೆ ನಾಮದೇವ ಬರುವನು, ಡಬ್ಬಿ ಕೊಡುವನು, ಬಗ್ಗಿ ಕೋನು ನೋಡುವನು.

"ಯಾಡ ಸಸಿ ಎದ್ದಾವ್ರಿ!"

"ನೀವ್ ಭಾಳ ಹತ್ರ ಹೋಗಬ್ಯಾಡ್ರಿ. ನಿಮ್ಮ ಉಸರಿಗೇ ಬಿದ್ದಾವು."

ಆತ ನಕ್ಕ. ಅವ್ವ ಹೋದ ಮೇಲೆ ಆ ಪಡಸಾಲೆಯಲ್ಲಿ ಯಾರೋ ನಕ್ಕದ್ದು ಅದೇ ಮೊದಲು. ಆಮೇಲೆ ನೂಲಿನ ಗಾಡಿಯ ಸಪ್ಪಳಕ್ಕೆ ಅವಳ ಕಿವಿ ಕಾಯತೊಡಗಿತು.

ಆದರೆ ಎದ್ದ ಸಸಿಗಳ ಕುತ್ತಿಗೆ ಕಪ್ಪಾಯಿತು. ಒಂದೊಂದೇ ಅಡ್ಡ ಬಿದ್ದವು. ಉಳಿದ ಬೀಜ ಏಳಲೇ ಇಲ್ಲ. ಕೆದರಿ ನೋಡಿದರೆ ಮೆತ್ತಗೆ ಕರಗಿ ಹೋಗಿದ್ದವು. ತವರಿನ ಗಂಟು ಮುಗಿಯಿತು. ಅವ್ವ ಎರಡನೇ ಸಲ ಸತ್ತಂತೆ ಶೇವಂತಿ ಕಟ್ಟೆಗೆ ಒರಗಿ ಕುಳಿತಳು.

ಅದೇ ಹೊತ್ತಿಗೆ ನಾಮದೇವ ಡಬ್ಬಿ ಹಿಡಿದು ಬಂದ.

"ನಿಮ್ಮ ಗಸಿನ ಕೊಂದ್ವು!" ಅವಳು ಎದ್ದು ನಿಂತಳು. "ನಿಮ್ಮ ಕೈ ಹತ್ತಿದ್ದು ಒಂದೂ ಉಳಿಯೂದಿಲ್ಲೇನ್ರಿ?"

ಆತನ ಮುಖದ ಬಣ್ಣವೇ ಹೋಯಿತು.

"ಹೌದ್ರಿ... ಮಂದೀನೂ ಹಂಗ ಅಂತಾರ."

ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದ.

ಮಗ್ಗ ನಿಲ್ಲಿಸಿ ಅಪ್ಪ ಹೊರಗೆ ಬಂದ. ಅವನ ಗಡ್ಡದಲ್ಲಿ ನೂಲಿನ ಧೂಳು.

"ಎಂಥಾ ಮಾತ ಅಂದಿ ತಂಗಿ... ಆ ಹುಡಗನ ಹೇಣ್ತಿ ಹಡಿಯೂ ಮುಂದ ಸತ್ಳು. ಕೂಸೂ ಉಳೀಲಿಲ್ಲ. ಅವನ ಕಾಲ್ಗುಣ ಛಲೋ ಇಲ್ಲ ಅಂತ ಅತ್ತಿ ಮನಿಯವ್ರು ಬಾಗಲಾ ಹಾಕ್ಕೊಂಡ್ರು."

ಶೇವಂತಿ ಮೆಟ್ಟಿಲಿಗೆ ಓಡಿದಳು, ಗಾಡಿ ಆಗಲೇ ಬೀದಿ ದಾಟಿತ್ತು.

'ದೇವ್ರೇ... ನನ್ನ ನಾಲಿಗಿಗೆ ಏನಾಗಿತ್ತು?'

ಮರುವಾರ ನೂಲು ತಂದವನು ಬೇರೆಯವನು. ಅದರ ಮುಂದಿನ ವಾರವೂ ಅವನೇ.

ಸತ್ತ ಸಸಿಗಳ ಮಣ್ಣು ಚೆಲ್ಲಿ, ಗಸಿಯ ಪ್ಲಾಸ್ಟಿಕ್ ಡಬ್ಬ ತೊಳೆಯಲು ಕುಳಿತಾಗ ಬೆರಳು ಜಾರಿದವು. ಸಾಬೂನಿನಂಥ ಜಾರಿಕೆ, ಆಮೇಲೆ ಉರಿ. ತಳದಲ್ಲಿ ಬಿಳಿ ಹಕ್ಕಳೆ ಕಟ್ಟಿತ್ತು. ನೇಕಾರರ ಮನೆಯ ಮಗಳಿಗೆ ಅದು ಏನೆಂದು ಯಾರೂ ಹೇಳಬೇಕಿರಲಿಲ್ಲ. ಕಾಸ್ಟಿಕ್ ಸೋಡಾ! ಅವ್ವ ಗಟ್ಟಿಮುಟ್ಟಾಗಿದ್ದಾಗ ನೂಲು ಕುದಿಸಿ ತೊಳೆಯಲು ಇಟ್ಟುಕೊಂಡಿದ್ದ ಡಬ್ಬ ಅದು.

ಗಸಿ ಕೊಂದಿರಲಿಲ್ಲ. ಆತನ ಕೈಯೂ ಕೊಂದಿರಲಿಲ್ಲ. ಬಂದವರ ಡಬ್ಬಿಗೆ ಬೆಲ್ಲ ಹಾಕಿ ಕಳಿಸುವ ಅವಸರದಲ್ಲಿ ತಾನೇ...

ಬೆರಳು ಉರಿಯುತ್ತಲೇ ಇದ್ದವು. ಶೇವಂತಿ ಮೆಟ್ಟಿಲ ಮೇಲಿನ ಸ್ಟೀಲ್ ಡಬ್ಬಿ ತೊಳೆದುಕೊಂಡಳು.

"ಅಪ್ಪಾ, ರಬಕವಿಗೆ ಹೋಗಿ ಬರ್ತೀನಿ."

ವಿಠೋಬಾ ಮಗಳ ಮುಖ ನೋಡಿದ. "ಹೋಗಿ ಬಾ," ಎಂದಷ್ಟೇ ಹೇಳಿ ಮಗ್ಗದ ಕಡೆ ತಿರುಗಿದ.

ನಾಮದೇವನ ಮನೆಯ ಬಾಗಿಲಲ್ಲಿ ಅವನ ತಾಯಿ ಮಂಗಲಾ ಲೋಟ ಹಿಡಿದು ಕುಳಿತಿದ್ದಳು. ಒಂದು ಗುಟುಕು ಕುಡಿದು ಮುಖ ಕಿವಿಚಿ, ಶೇವಂತಿಯ ಕೈಯಲ್ಲಿದ್ದ ತನ್ನ ಮನೆಯ ಡಬ್ಬಿ ನೋಡಿದಳು.

"ಯಾರವ್ವಾ? ಬನಹಟ್ಟಿ ವಿಠೋಬಾನ ಮಗಳೇನು? ಬಾ. ನಿನ್ನ ಸಲುವಾಗಿ ನನ್ನ ಬಾಯಿ ಬೇವಾಗೇತಿ ನೋಡು."

"ನನ್ನ ಸಲುವಾಗಿ?"

"ಹುಟ್ಟಿದಾಗಿಂದ ಚಹಾ ಕುಡದ ಮನಿ ಇದು. ನನ್ನ ಮಗ ಚಹಾಪುಡಿ ಬಂದ್ ಮಾಡಿ ಈ ಕಷಾಯ ತಂದಾನ. ಯಾಕೋ ಅಂದ್ರ, ಗಸಿ ಬೇಕು ಅಂತಾನ. ನೀ ಬೈದು ಕಳಿಸಿದ ಮ್ಯಾಲೂ ಬಿಟ್ಟಿಲ್ಲ!"

ಶೇವಂತಿಯ ಕಣ್ಣು ತುಂಬಿ ಬಂದವು. ದಿನಾ ಕಾಫಿನ ಮಾಡ್ತೀವಿ ಅಂದಿದ್ದನಲ್ಲ... ಸುಳ್ಳ!

ಹಿತ್ತಲಲ್ಲಿ ನಾಮದೇವ ನೂಲಿನ ಲಡಿ ಒಣಹಾಕುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು. ಅವಳು ಡಬ್ಬಿ ಮುಂದೆ ಚಾಚಿದಳು.

"ಖಾಲಿ ತಂದೇನ್ರಿ. ಇದರಾಗ ಹಾಕಾಕ ನನ್ನ ಕಡೆ ಏನೂ ಉಳದಿಲ್ಲ. ಗಸಿ ತಪ್ಪಲ್ಲ, ನಿಮ್ಮ ಕೈ ತಪ್ಪಲ್ಲ. ಕಾಸ್ಟಿಕ್ಕಿನ ಡಬ್ಬದಾಗ ಸುರುವಿದಾಕಿ ನಾನ. ಕೊಂದಾಕಿ ನಾನ. ಅಂದಿದ್ದು ಮಾತ್ರ ನಿಮಗ..."

ಆತ ಗೋಡೆಯ ನೆರಳಿಗೆ ಹೋಗಿ ಏನನ್ನೋ ಎರಡೂ ಕೈಯಲ್ಲಿ ಹಿಡಿದು ತಂದ.

ಕಾಗದದ ಕೋನು. ತೊಯ್ದು ಮೆತ್ತಗಾಗಿ, ದಾರ ಸುತ್ತಿ ನಿಲ್ಲಿಸಿದ ಕೋನು. ಅದರ ಬಾಯಲ್ಲಿ ಗೇಣುದ್ದದ ಒಂದು ಮುಳಗಾಯಿ ಸಸಿ. ಒಂದು ಎಲೆ ಹಳದಿಯಾಗಿತ್ತು. ಉಳಿದವು ಹಸಿರು.

"ಅವತ್ತ ಚೆಲ್ಲಿದ ಮಣ್ಣ ಎಲ್ಲಾ ಬಳಕೊಂಡು ಬಂದಿದ್ನಿರಿ. ನಿಮ್ಮವ್ವಾರ ಬೀಜ ಅದರಾಗ ಇತ್ತು. ಮನಿ ಗಸಿ ಚೂರಚೂರ ಕೊಟ್ಟ ನೋಡಿದ್ನಿ..."

"ಮತ್ತ ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿ? ಐತಿ ಅಂತ ನಿಮಗ ಆಶಾ ತೋರಸಿ, ನನ್ನ ಕೈಯಾಗ ಅದೂ ಸತ್ತಿದ್ರ..."

ಶೇವಂತಿ ಸಸಿಯನ್ನು ಮುಟ್ಟಲಿಲ್ಲ. ಕೋನು ಹಿಡಿದಿದ್ದ ನೀಲಿ ಉಗುರಿನ ಆ ಕೈಗಳ ಮೇಲೆ ತನ್ನ ಉರಿಯುವ ಬೆರಳು ಇಟ್ಟಳು.

"ಉಳದೈತಲ್ರಿ... ಇದೇ ಕೈಯಾಗ."

ಕೊನೆಗೆ ನಾಮದೇವ ಕೋನನ್ನು ಸ್ಟೀಲ್ ಡಬ್ಬಿಯೊಳಗೆ ಇಳಿಸಿ ಅವಳತ್ತ ಚಾಚಿದ.

"ಒಯ್ಯಿರಿ. ಡಬ್ಬಿ ಖಾಲಿ ಕಳಸಬಾರದು."

"ಒಯ್ಯೂದಿಲ್ಲ. ಬೇರ ಹಿಡದೈತಿ, ಇಲ್ಲೇ ಇರ್ಲಿ. ನೀರ ಹಾಕಾಕ ನಾನ ಬರ್ತೀನಿ."

"ಬನಹಟ್ಟಿಯಿಂದ? ದಿನಾ?"

"ದಿನಾ ಬರೂದ ಆಗೂದಿಲ್ರಿ..." ಅವಳು ತಲೆ ತಗ್ಗಿಸಿದಳು. "ಒಮ್ಮೆಗೇ ಬಂದಬಿಡ್ತೀನಿ, ಈ ಮನಿಗೆ."